ಮಕ್ಕಳ ಯಂತ್ರಕಥೆಗಳೂ ಪರೀಕ್ಷಕನ ಧರ್ಮವೂ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತ ಪಾಠವನ್ನು ಹೇಳಿ, ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿ, ನಿವೃತ್ತನಾಗಿ ಕುಳಿತ ನನಗೆ, ಅಂಕ ಕೊಡುವ ವಿದ್ಯೆಯಲ್ಲಿ ಇನ್ನು ಕಲಿಯತಕ್ಕುದೇನೂ ಇಲ್ಲವೆಂಬ ಅಭಿಮಾನವಿದ್ದಿತು. ಆ ಅಭಿಮಾನವು ಕಳೆದ ವರ್ಷ ಹನ್ನೊಂದು ವಯಸ್ಸಿನ ಬಾಲಿಕೆಯೊಬ್ಬಳ ಮುಂದೆ ಭಂಗವಾಯಿತು. ಆ ಸಂಗತಿಯು ಮಕ್ಕಳುಳ್ಳ ಗೃಹಸ್ಥರಿಗೆ ಪ್ರಯೋಜನಕರವಾದೀತೆಂದು ಇಲ್ಲಿ ನಿವೇದಿಸುತ್ತೇನೆ.

ಈಗಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಕಂಪ್ಯೂಟರಿನ ಪ್ರಥಮ ಪಾಠವಾಗಿ ‘ಸ್ಕ್ರಾಚ್’ ಎಂಬುದನ್ನು ಹೇಳಿಕೊಡುವುದುಂಟು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಎಂಬವರೂ ಅವರ ಸಂಗಡಿಗರೂ ನಿರ್ಮಿಸಿ, 2007ರಲ್ಲಿ ಲೋಕಕ್ಕೆ ಉಚಿತವಾಗಿ ಒಪ್ಪಿಸಿದ ಸಾಧನವಿದು. ಬಣ್ಣಬಣ್ಣದ ಇಟ್ಟಿಗೆಗಳಂತಿರುವ ಆಜ್ಞೆಗಳನ್ನು ಒಂದರ ಕೆಳಗೊಂದು ಜೋಡಿಸಿದರೆ, ಪರದೆಯ ಮೇಲೆ ಬೊಂಬೆಗಳು ನಡೆಯುತ್ತವೆ, ಮಾತನಾಡುತ್ತವೆ. ವೇದಿಕೆ, ಹಿನ್ನೆಲೆ, ಪಾತ್ರ, ವೇಷ ಎಂದು ಅಲ್ಲಿನ ಪರಿಭಾಷೆಯೂ ಬಹುಮಟ್ಟಿಗೆ ನಾಟಕಶಾಲೆಯದೇ. ಬಾಲಕನೇ ಅಲ್ಲಿ ಸೂತ್ರಧಾರ.

ನೆರೆಯ ಶಾಲೆಯವರು ಇಂತಹ ಕಥೆಗಳಿಗೆ ಅಂಕ ಕೊಡಬೇಕೆಂದು ನನ್ನನ್ನು ಕರೆದರು. ಒಬ್ಬ ಹುಡುಗನು ಭೂತದ ಕೋಟೆಯ ಕಥೆಯನ್ನು ಮಾಡಿದ್ದನು. ಮಿಂಚು, ಗುಡುಗು, ಬಾವಲಿಗಳು! ನಾನು ಬೆರಗಾಗಿ ಹತ್ತಕ್ಕೆ ಒಂಬತ್ತು ಬರೆದೆನು. ಮೇಲೆ ಹೇಳಿದ ಬಾಲಿಕೆಯದು ಬಾಯಾರಿದ ಕಾಗೆಯ ಹಳೆಯ ಕಥೆ. ಕಾಗೆಯು ಹೋಗುತ್ತದೆ, ಕಲ್ಲು ತರುತ್ತದೆ, ಮಡಕೆಗೆ ಹಾಕುತ್ತದೆ. ಇಷ್ಟೇ. ಐದು ಬರೆದು, “ಇನ್ನೂ ಶ್ರಮಪಡಬೇಕಾಗಿತ್ತು, ಮಗು” ಎಂದೆನು. ಅವಳು ತಲೆತಗ್ಗಿಸಿ ಸುಮ್ಮನಾದಳು.

ಆಗ ಕಂಪ್ಯೂಟರ್ ಕಲಿಸುವ ತರುಣಿ ಉಪಾಧ್ಯಾಯಿನಿಯು ಮೆಲ್ಲನೆ, “ಮೇಷ್ಟ್ರೇ, ಒಳಗೆ ನೋಡಿದಿರಾ?” ಎಂದರು. ಕಥೆಯ ಹಿಂದಿರುವ ಆಜ್ಞೆಗಳನ್ನು ತೆರೆದು ನೋಡಲು ಅದರಲ್ಲಿಯೇ ಅನುಕೂಲವಿದೆಯೆಂಬುದನ್ನು ನಾನು ಅರಿತಿರಲಿಲ್ಲ.

ಕಾಗೆಯ ಕಥೆಯ ಒಳಗೆ, ನೀರಿನ ಮಟ್ಟಕ್ಕೆ ಒಂದು ಸಂಖ್ಯೆಯಿತ್ತು. ಕಲ್ಲು ಬಿದ್ದಾಗಲೆಲ್ಲಾ ಆ ಸಂಖ್ಯೆ ಏರುವುದು. ಕಂಠದವರೆಗೆ ಏರುವ ತನಕ ಕಾಗೆಯು ಕಲ್ಲು ತರುತ್ತಲೇ ಇರುವುದು. ಏರಿದೊಡನೆ ಮಡಕೆಯು ಕಾಗೆಗೆ ಸಂದೇಶವನ್ನು ಕಳುಹಿಸುವುದು. ಆಗಲೇ ಅದು ಕೊಕ್ಕು ಬಗ್ಗಿಸುವುದು. ಉಪಾಧ್ಯಾಯಿನಿಯು ಮೊದಲಿನ ನೀರನ್ನು ಅರ್ಧಕ್ಕೆ ಇಳಿಸಿದರು. ಕಾಗೆಯು ತಾನಾಗಿ ಹೆಚ್ಚು ಕಲ್ಲುಗಳನ್ನು ತಂದಿತು! ಕಥೆಯ ನೀತಿಯೇ ಆಜ್ಞೆಯ ರೂಪವನ್ನು ತಾಳಿದ್ದಿತು.

ಕೋಟೆಯ ಕಥೆಯಲ್ಲಿಯಾದರೋ, ಒಬ್ಬನು ಮಾತನಾಡುವಾಗ ಇನ್ನೊಬ್ಬನು ಇಷ್ಟು ಸೆಕೆಂಡು ಕಾಯಬೇಕೆಂದು ಎಣಿಸಿಟ್ಟಿದ್ದಿತು. ನಡುವೆ ಒಂದು ಮಾತನ್ನು ಸೇರಿಸಿದೆವು. ಕೂಡಲೆ ಭೂತವು ಪ್ರಶ್ನೆಗೆ ಮುಂಚೆಯೇ ಉತ್ತರ ಹೇಳತೊಡಗಿತು. ಚಿತ್ರಗಳೆಲ್ಲಾ ಹುಡುಗನ ಕೈಯವೇ ಆದ್ದರಿಂದ ಅವನಿಗೆ ಸಲ್ಲತಕ್ಕ ಪ್ರಶಂಸೆ ಸಂದಿತು. ಸಂಭಾಷಣೆಯನ್ನು ಸರಿಪಡಿಸಲು ಎಂಟು ದಿನಗಳ ಅವಕಾಶವೂ ದೊರೆಯಿತು. ಸಂದೇಶ ಕಳುಹಿಸುವ ಕ್ರಮವನ್ನು ಅವನು ಆ ಬಾಲಿಕೆಯಿಂದಲೇ ಕಲಿತನು.

ನಾನು ಅಂಕವನ್ನು ಹೊಡೆದುಹಾಕಿ, ತರಗತಿಯ ಎದುರಿನಲ್ಲಿಯೇ, “ತಪ್ಪು ನನ್ನದು, ಮಗು, ನಾನು ಒಳಗೆ ನೋಡದೆ ತೀರ್ಪು ಹೇಳಿದೆ” ಎಂದೆನು. ಅವಳು, “ಮೊದಲು ನನ್ನ ಕಾಗೆ ನೀರಿಲ್ಲದಿದ್ದರೂ ಕುಡೀತಿತ್ತು ಮೇಷ್ಟ್ರೇ, ಮೂರು ಸಲ ತಿದ್ದಿದೆ” ಎಂದಳು. ಆ ಮೂರು ತಿದ್ದುಪಡಿಗಳಿಗೆ ನನ್ನ ಅಂಕಪಟ್ಟಿಯಲ್ಲಿ ಸ್ಥಳವೇ ಇರಲಿಲ್ಲ.

ಇಂತಹ ಕೃತಿಗಳನ್ನು ಎಣಿಸಿ ಅಂಕ ಕೊಡುವ ಯಂತ್ರಗಳೂ ಇವೆ. ಸ್ಪೇನ್ ದೇಶದ ವಿದ್ವಾಂಸರು ರಚಿಸಿದ ‘ಡಾಕ್ಟರ್ ಸ್ಕ್ರಾಚ್’ ಎಂಬುದು ಮೊದಲಿಗೆ ಏಳು ವಿಭಾಗಗಳಲ್ಲಿ ತಲಾ 3ರಂತೆ 21 ಅಂಕಗಳವರೆಗೆ ಕೊಡುತ್ತಿದ್ದಿತು. ಆದರೆ ಆಜ್ಞೆಗಳ ವೈವಿಧ್ಯವನ್ನು ಎಣಿಸಬಲ್ಲ ಯಂತ್ರವು ಕಥೆಯ ರಸವನ್ನು ಅಳೆಯಲಾರದು. ಕ್ಯಾರೆನ್ ಬ್ರೆನನ್ ಮತ್ತು ರೆಸ್ನಿಕ್ ಅವರು 2012ರಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಮಗುವು ಅರಿತ ತತ್ತ್ವಗಳ ಜೊತೆಗೆ ಅದು ಕೆಲಸ ಮಾಡಿದ ರೀತಿಯನ್ನೂ ಅದರ ದೃಷ್ಟಿಯನ್ನೂ ಗಮನಿಸಬೇಕೆಂದಿದ್ದಾರೆ. ಕರ್ತೃವಿನೊಡನೆ ಕೃತಿಯ ವಿಷಯವಾಗಿ ಸಂಭಾಷಿಸುವುದೂ ಅವರು ವಿಚಾರಿಸಿದ ಕ್ರಮಗಳಲ್ಲೊಂದು.

ಆದುದರಿಂದ ವಾಚಕರೇ, ನಿಮ್ಮ ಮಗುವು ಇಂತಹ ಕಥೆಯನ್ನು ತಂದು ತೋರಿಸಿದಾಗ, “ಎಷ್ಟು ಅಂಕ?” ಎಂದು ಮೊದಲು ಕೇಳಬೇಡಿರಿ. ಈ ಕಥೆಯಲ್ಲಿ ಏನು ಹೇಳಬೇಕೆಂದಿದ್ದೆ? ಎಲ್ಲಿ ಕೆಟ್ಟಿತು? ಹೇಗೆ ಸರಿಪಡಿಸಿದೆ? ಈ ಒಂದು ಆಜ್ಞೆಯನ್ನು ತೆಗೆದರೆ ಏನಾದೀತು? ಈ ನಾಲ್ಕನ್ನು ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸಿರಿ. ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ನನಗೂ ಅದು ಬಾರದು.