ಹೊಸ ಮನೆಗೆ ಬಂದ ಹವಳ ಬಿಳಿಚಿದ್ದೇಕೆ?

ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ನಿಂತೆ. ಅಷ್ಟೊತ್ತಿಗೆ ಅರಳಿ ನೀರಲ್ಲಿ ತೂಗಾಡಬೇಕಿದ್ದ ಹ್ಯಾಮರ್ ಕೋರಲ್ ಮುದುಡಿಕೊಂಡು ತನ್ನ ಕಲ್ಲಿನ ಗೂಡಿನೊಳಗೆ ಸೇರಿಕೊಂಡಿತ್ತು. ಹಸಿರು ಬಣ್ಣ ಮಾಸಿ ನೀರು ಮಜ್ಜಿಗೆ ಥರ ಆಗಿತ್ತು. “ಅಪ್ಪಾ, ಇದಕ್ಕೆ ಜ್ವರಾನಾ?” ಅಂತ ಮಗಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಕೆಲಸಕ್ಕೆಂದು ಒಬ್ಬನೇ ಬಂದ ಮೊದಲ ಚಳಿಗಾಲದಲ್ಲಿ ಆಫೀಸಿನ ಹಿರಿಯರೊಬ್ಬರು 2 ತಲೆಯ ಈ ಹವಳದ ತುಂಡು ಕೊಟ್ಟು, ಸಾಕುವುದನ್ನೂ ಕಲಿಸಿದ್ದರು. ಸಂಜೆ ಮಾತಾಡೋಕೆ ಯಾರೂ ಇಲ್ಲದ ಆ ದಿನಗಳಲ್ಲಿ ಅದೇ ನನ್ನ ಜೊತೆ. 8 ವರ್ಷದಲ್ಲಿ ಅದು 18 ತಲೆಯಾಗಿ ಬೆಳೆದಿತ್ತು. ಅನಾರೋಗ್ಯದಿಂದ ಅವರು ತಮ್ಮ ಟ್ಯಾಂಕ್ ಮುಚ್ಚಿಬಿಟ್ಟಿದ್ದಾರೆ. ಆ ಹವಳದ ವಂಶ ಉಳಿದಿರುವುದು ನನ್ನ ಬಳಿ ಮಾತ್ರ.

ಸ್ವಂತ ಮನೆಗೆ ಬಂದಾಗ ಹವಳಗಳಿಗೂ ದೊಡ್ಡ ಮನೆ ಕೊಡೋಣ ಅನ್ನಿಸಿತು. 30 ಗ್ಯಾಲನ್ ಟ್ಯಾಂಕಿನಿಂದ 90 ಗ್ಯಾಲನ್‌ಗೆ, ಅಂದರೆ ಸುಮಾರು 110 ಲೀಟರಿನಿಂದ 340 ಲೀಟರಿಗೆ. ಹೊಸ ಎಲ್‌ಇಡಿ ದೀಪ, ನೀರಿನ ಕೊಳೆ ತೆಗೆಯುವ ದೊಡ್ಡ ಸ್ಕಿಮ್ಮರ್, ಬೆಳ್ಳಗಿನ ಒಣ ಕಲ್ಲು, ಬೇರೆ ಬ್ರ್ಯಾಂಡಿನ ಉಪ್ಪು. ಎಲ್ಲವೂ ಹಳೆಯದಕ್ಕಿಂತ ಒಳ್ಳೆಯದೇ ಅಂದುಕೊಂಡಿದ್ದೆ.

ಮೊದಲ ವಾರ ಚೆನ್ನಾಗಿತ್ತು. ಮೂರನೇ ವಾರಕ್ಕೆ ಹ್ಯಾಮರ್ ಬಣ್ಣ ಕಳೆದುಕೊಂಡಿತು, ತಟ್ಟೆಯಂತೆ ಬೆಳೆಯುವ ಮಾಂಟಿಪೋರದ ಅಂಚು ಸುಟ್ಟ ಹಾಗೆ ಬೆಳ್ಳಗಾಯಿತು. ಗಾಬರಿಯಲ್ಲಿ ನಾನು ಮಾಡಿದ್ದು ಕೇಳಿದರೆ ನೀವು ನಗ್ತೀರಿ. ಬೆಳಕು ಸಾಲದೇನೋ ಅಂತ ದೀಪ ಜಾಸ್ತಿ ಮಾಡಿದೆ. ನೀರು ಕೆಟ್ಟಿರಬೇಕು ಅಂತ ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಾಯಿಸಿದೆ. ಅಂಗಡಿಯವರು ಹೇಳಿದ ಎರಡು ಬಾಟಲಿ ಔಷಧವನ್ನೂ ಸುರಿದೆ. ಹತ್ತು ದಿನದಲ್ಲಿ 3 ತಲೆ ಸತ್ತವು.

“ಆಫೀಸಲ್ಲಿ ಬಗ್ ಬಂದ್ರೂ ಹೀಗೇ ಐದು ಫೈಲ್ ಒಟ್ಟಿಗೆ ಬದಲಾಯಿಸ್ತೀರಾ?” ಅಂದಳು ಹೆಂಡತಿ. ಆ ಮಾತು ನಾಟಿತು. ಅಂದೇ ಒಂದು ನೋಟ್‌ಬುಕ್ ತೆಗೆದೆ. ಇನ್ನು ಮೊದಲು ಅಳೆಯೋದು, ಬರೆಯೋದು. ಆಮೇಲೆ ವಾರಕ್ಕೆ ಒಂದೇ ಬದಲಾವಣೆ.

ತಾಪಮಾನ 25.5 ಡಿಗ್ರಿ, ಸರಿ ಇತ್ತು. ಹೊಸ ಟ್ಯಾಂಕ್ ಅಂದರೆ ಮೊದಲ ಅನುಮಾನ ಅಮೋನಿಯಾ ಮೇಲೆ. ಅದು ಸೊನ್ನೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಅಷ್ಟು ದಿನ ಬರೀ ಶುದ್ಧ ನೀರಲ್ಲಿ ಸೊನ್ನೆಗೆ ಹೊಂದಿಸುತ್ತಿದ್ದೆ. ಸೊನ್ನೆಯಲ್ಲಿ ಸರಿ ತೋರಿಸಿದ್ದು ಸಮುದ್ರದ ನೀರಿನ ಮಟ್ಟದಲ್ಲಿ ತಪ್ಪಬಹುದು. 35 ಪಿಪಿಟಿ ದ್ರಾವಣ ತಂದು ನೋಡಿದೆ. ವ್ಯತ್ಯಾಸ ಸಣ್ಣದು, ಅಪರಾಧಿ ಅದಲ್ಲ.

ಆಲ್ಕಲಿನಿಟಿಯಲ್ಲಿ ಮೊದಲ ಸುಳಿವು ಸಿಕ್ಕಿತು. ಹವಳ ತನ್ನ ಸುಣ್ಣದ ಅಸ್ಥಿಪಂಜರ ಕಟ್ಟಿಕೊಳ್ಳುವುದಕ್ಕೆ ಈ ಮಟ್ಟ ಮುಖ್ಯ. ಹಳೇ ಟ್ಯಾಂಕಿನಲ್ಲಿ ವರ್ಷಗಟ್ಟಲೆ 8 ಡಿಕೆಎಚ್ ಇತ್ತು. ಹೊಸ ಉಪ್ಪು ಕಲಸಿದ ನೀರಲ್ಲಿ 11ಕ್ಕಿಂತ ಮೇಲೆ! ನಾನು ನೀರು ಬದಲಾಯಿಸಿದಾಗಲೆಲ್ಲ ಅದು ಏರುತ್ತಿತ್ತು.

ಎರಡನೇ ಸುಳಿವು ನೈಟ್ರೇಟ್ ಮತ್ತು ಫಾಸ್ಫೇಟ್. ಎರಡೂ ಸೊನ್ನೆ. ಮೊದಲು ಖುಷಿಯಾಯಿತು, ನೀರು ಅಷ್ಟು ಚೊಕ್ಕಟ ಅಂತ. ತಪ್ಪು ಅಲ್ಲೇ ಇದ್ದದ್ದು. ಹವಳ ಒಂದು ಪ್ರಾಣಿ, ಆದರೆ ಅದರ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ಬಾಡಿಗೆಗಿವೆ. ಅವು ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತವೆ. ಹವಳದ ಕಂದು ಛಾಯೆಯೂ ಅವುಗಳದ್ದೇ. ಆ ಪಾಚಿಗೆ ನೈಟ್ರೇಟ್, ಫಾಸ್ಫೇಟ್ ಅಂದರೆ ಗೊಬ್ಬರ ಇದ್ದಂತೆ. ತೀರಾ ಹೆಚ್ಚಾದರೂ ಕಷ್ಟ, ಏನೂ ಇಲ್ಲದಿದ್ದರೂ ಕಷ್ಟ. ನನ್ನಲ್ಲಿ ಅವೇ 4 ಮೀನು, ನೀರು ಮಾತ್ರ ಮೂರು ಪಟ್ಟು. ಒಣ ಕಲ್ಲು ಫಾಸ್ಫೇಟ್ ಹೀರುತ್ತಿತ್ತು. ಉಳಿದದ್ದನ್ನು ಸ್ಕಿಮ್ಮರ್ ಮತ್ತು ನಾನು ಸೇರಿ ಹೊರಗೆ ಚೆಲ್ಲುತ್ತಿದ್ದೆವು.

ಮೂರನೇ ಸುಳಿವು ಕೊಟ್ಟಿದ್ದು ತೀರ್ಥಹಳ್ಳಿಯಲ್ಲಿರುವ ಅಮ್ಮ. ವಿಡಿಯೊ ಕಾಲ್‌ನಲ್ಲಿ ಟ್ಯಾಂಕ್ ತೋರಿಸಿದೆ. “ಎಂಥ ಬೆಳಕೋ ಅದು, ನಂಗೇ ಕಣ್ಣು ಕುಕ್ತಾ ಉಂಟು. ಅಡಿಕೆ ಸಸಿ ಜೊತೆ ಬಾಳೆ ಯಾಕೆ ಹಾಕ್ತೀವಿ ಹೇಳು?” ಅಂದರು. ನೆರಳಿಗೆ ಅಂತ ನಂಗೂ ಗೊತ್ತು. ಎಳೆ ಅಡಿಕೆಗೆ ನೇರ ಬಿಸಿಲು ಬಿದ್ದರೆ ಸುಟ್ಟುಹೋಗುತ್ತೆ. ಆದರೆ ಹವಳದ ವಿಷಯದಲ್ಲಿ ಹೊಳೆದಿರಲಿಲ್ಲ.

ಪರಿಚಯದ ಹವ್ಯಾಸಿಯೊಬ್ಬರಿಂದ ಪಾರ್ ಮೀಟರ್ ತಂದೆ. ಪಾಚಿ, ಗಿಡ ಬಳಸಿಕೊಳ್ಳುವಂಥ ಬೆಳಕನ್ನು ಅಳೆಯುವ ಸಾಧನ ಅದು. ಹಳೇ ದೀಪದಡಿ ಹ್ಯಾಮರ್‌ಗೆ ಸಿಗುತ್ತಿದ್ದದ್ದು ಸುಮಾರು 100. ಈಗ 310! ಬೆಳಕು ಮಿತಿ ಮೀರಿದರೆ ಪಾಚಿಯೊಳಗೆ ಹಾನಿಕರ ಆಮ್ಲಜನಕ ರೂಪಗಳು ಹುಟ್ಟುತ್ತವೆ, ಹವಳ ಆ ಪಾಚಿಯನ್ನೇ ಹೊರಗೆ ಹಾಕುತ್ತದೆ. ಬಿಳಿಚುವುದು ಅಂದರೆ ಅದೇ. ಗೊಬ್ಬರವಿಲ್ಲದೆ ಸೊರಗಿದ ಪಾಚಿಗೆ ಅಷ್ಟು ಬೆಳಕು ತಡೆಯುವ ಶಕ್ತಿಯೂ ಕಮ್ಮಿ. ಅಂತೂ ನಾನು ಮಾಡಿದ ಎರಡು ಚಿಕಿತ್ಸೆ, ಹೆಚ್ಚು ಬೆಳಕು ಮತ್ತು ಹೆಚ್ಚು ನೀರು, ಕಾಯಿಲೆಯನ್ನೇ ಬೆಳೆಸಿದ್ದವು.

ಮೊದಲ ವಾರ ಬೆಳಕು ಇಳಿಸಿ, ಹ್ಯಾಮರನ್ನು ಕೆಳಗೆ ಮರಳಿನ ಮೇಲಿಟ್ಟೆ. ಎರಡನೇ ವಾರ ಸ್ಕಿಮ್ಮರ್ ರಾತ್ರಿ ಮಾತ್ರ. ಮೂರನೇ ವಾರ ಮೀನಿಗೆ ದಿನಕ್ಕೆರಡು ಸಲ ಊಟ. ನಾಲ್ಕನೇ ವಾರ ಹಳೇ ಉಪ್ಪಿಗೆ ವಾಪಸ್. ಪ್ರತಿ ದಿನ ಒಂದೇ ಹೊತ್ತಿಗೆ ಒಂದು ಫೋಟೊ, ಯಾಕೆಂದರೆ ಗಾಬರಿಯಲ್ಲಿ ಕಣ್ಣನ್ನು ನಂಬೋಕಾಗಲ್ಲ.

ಆರು ವಾರಕ್ಕೆ ನೈಟ್ರೇಟ್ 5 ತೋರಿಸಿತು, ಫಾಸ್ಫೇಟ್ 0.05. ಒಂದು ಬೆಳಗ್ಗೆ ಹ್ಯಾಮರ್ ತೋಳು ಚಾಚಿತ್ತು. ಮಾಂಟಿಪೋರ ಉಳಿಯಲಿಲ್ಲ. ಹ್ಯಾಮರ್‌ನ 18 ತಲೆಯಲ್ಲಿ 13 ಉಳಿದವು.

ಅಷ್ಟು ದಿನ ಆ ಹಿರಿಯರು ಫೋಟೊ ಕೇಳಿದಾಗೆಲ್ಲ ಹಳೆಯದನ್ನೇ ಕಳಿಸ್ತಿದ್ದೆ. ಕೊನೆಗೆ ಫೋನ್ ಮಾಡಿ ನಿಜ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ತಾವೂ ಇದೇ ತಪ್ಪು ಮಾಡಿ ಅರ್ಧ ಟ್ಯಾಂಕ್ ಕಳಕೊಂಡಿದ್ದೆ, ನಿನಗೆ ಹೇಳೋಕೆ ನಾಚಿಕೆಯಾಗಿತ್ತು ಅಂದರು. ಇಬ್ಬರೂ ಮೊದಲೇ ಹೇಳಿಕೊಂಡಿದ್ದರೆ 5 ತಲೆ ಉಳಿಯುತ್ತಿತ್ತೇನೋ.

ಬೆಂಗಳೂರಿನ ಗೆಳೆಯರು ಫೋಟೊ ನೋಡಿ “ಇಲ್ಲೂ ಸಾಕಬಹುದಾ?” ಅಂತ ಕೇಳ್ತಾರೆ. ಭಾರತದಲ್ಲಿ ಇಂಥ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಹುಲಿಯ ಹಾಗೇ. ಸಮುದ್ರದಿಂದ ಕಿತ್ತು ಮಾರುವುದು ಅಪರಾಧ. ಆಸೆಯಿದ್ದರೆ ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ತಲುಪಿ, ನೀರಿಗಿಳಿದು ನೋಡಿ. ಮುಟ್ಟಬೇಡಿ ಅಷ್ಟೆ.

ಆ ಹಿರಿಯರು ಈಗ ಚೇತರಿಸಿಕೊಂಡಿದ್ದಾರೆ. ಮಂಚದ ಪಕ್ಕ ಪುಟ್ಟ ಟ್ಯಾಂಕ್ ಇಡುತ್ತಾರಂತೆ. ಮುಂದಿನ ತಿಂಗಳು 2 ತಲೆ ಕತ್ತರಿಸಿ ಕೊಂಡೊಯ್ಯುತ್ತೇನೆ. ಅದಕ್ಕೂ ಮೊದಲು ಪಾರ್ ಮೀಟರ್ ಹಿಡಿದು ಅವರ ಮನೆಯ ಬೆಳಕು ಅಳೆದು ಬರಬೇಕು.