ಟ್ಯೂನಿಂಗ್ ಮೋಹ... ವಾರಂಟಿ ಸ್ವಾಹಾ!

ತೆರೆಯ ಮೇಲೆ ಹೀರೋ ಬೈಕ್ ಏರಿ ಆಕ್ಸಿಲರೇಟರ್ ತಿರುವಿದ ಅಂದರೆ ಸಾಕು, ಮುಂದಿನ ಬೆಂಚಿನಿಂದ ಬಾಲ್ಕನಿಯವರೆಗೂ ಶಿಳ್ಳೆಯೋ ಶಿಳ್ಳೆ! ಸೈಲೆನ್ಸರ್ ಗುಡುಗುತ್ತದೆ, ಧೂಳು ಏಳುತ್ತದೆ, ಖಳನಾಯಕನ ಕಾರು ಹಿಂದೆ ಬೀಳುತ್ತದೆ. ಆಟ ಬಿಟ್ಟು ಹೊರಬಂದ ನಮ್ಮ ಪಡ್ಡೆ ಹುಡುಗರು ಸ್ಟ್ಯಾಂಡಿನಲ್ಲಿರುವ ತಮ್ಮ ಗಾಡಿಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ: "ನಂದೂ ಹಂಗೇ ಕೂಗ್ಬೇಕು ಗುರು!"

ಆಸೆ ತಪ್ಪಲ್ಲ ಬಿಡಿ. ಆದರೆ ಒಂದು ಮಾತು. ತೆರೆಯ ಮೇಲಿನ ಗಾಡಿ ಕೆಟ್ಟರೆ ಖರ್ಚು ನಿರ್ಮಾಪಕರದು. ಚೇಸಿಂಗ್ ದೃಶ್ಯಕ್ಕೆ ಒಂದೇ ಬಣ್ಣದ ಎರಡು ಮೂರು ಬೈಕ್ ತಂದು ನಿಲ್ಲಿಸುವುದೂ ಉಂಟು. ನಿಮ್ಮ ಗಾಡಿ ಕೆಟ್ಟರೆ? ಆಗ ನೆನಪಾಗುವುದು ಕಂಪನಿ ಕೊಟ್ಟ ವಾರಂಟಿ. ಅದು ಇನ್ನೂ ನಿಮ್ಮ ಕೈಯಲ್ಲಿದೆಯೇ ಅನ್ನುವುದೇ ಇಲ್ಲಿನ ಪ್ರಶ್ನೆ.

ನಂದಿಬೆಟ್ಟದಿಂದ ಟೆಂಪೋದಲ್ಲಿ

ನಮ್ಮ ಬೀದಿಯಲ್ಲೊಬ್ಬ ಹುಡುಗ. ಹೆಸರು ಬೇಡ, ಪಾಪ. ಕೊರಿಯರ್ ಕೆಲಸ. ಅಮ್ಮನ ಓಲೆ ಅಡವಿಟ್ಟು ಮುಂಗಡ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿ ದೊಡ್ಡ ಬೈಕ್ ತಂದ. ಏಳನೇ ತಿಂಗಳಿಗೆ ಯಾರೋ ಕಿವಿ ಊದಿದರು. "ಲ್ಯಾಪ್‌ಟಾಪ್ ಹಾಕಿ ಇಂಜಿನ್ ಮ್ಯಾಪ್ ಚೇಂಜ್ ಮಾಡಿಸು ಮಗಾ, ರಾಕೆಟ್ ಆಗುತ್ತೆ!" ಮಾಡಿಸಿದ. ಜೊತೆಗೆ ಬಾಯಿ ದೊಡ್ಡ ಸೈಲೆನ್ಸರೂ ಬಂತು. "ವಾರಂಟಿಗೇನೂ ಆಗಲ್ಲ, ನಾನಿದೀನಿ" ಅಂದ ಅಂಗಡಿಯವನು. ಬರೆದು ಮಾತ್ರ ಕೊಡಲಿಲ್ಲ.

ಎರಡು ತಿಂಗಳು ನಿಜಕ್ಕೂ ರಾಕೆಟ್ಟೇ. ಮೂರನೇ ತಿಂಗಳ ಒಂದು ಭಾನುವಾರ ನಂದಿಬೆಟ್ಟದಿಂದ ಇಳಿದು ಬರುತ್ತಾ ದೇವನಹಳ್ಳಿ ಹತ್ತಿರ ಹೈವೇಯಲ್ಲಿ ಗಾಡಿ ಕಿರ್ರೆಂದು ನಿಂತೇ ಹೋಯಿತು. ಇಂಜಿನ್ ಜಾಮ್! ಟೆಂಪೋದಲ್ಲಿ ಮಲಗಿಸಿ ಸರ್ವಿಸ್ ಸೆಂಟರಿಗೆ ತಂದರು. ಅಲ್ಲಿಯ ಹುಡುಗ ಸೀಟಿನ ಕೆಳಗೆ ಒಂದು ವೈರ್ ಚುಚ್ಚಿ ಪರದೆ ನೋಡಿದ. "ಇದು ಕಂಪನಿ ಮ್ಯಾಪ್ ಅಲ್ಲ ಸಾರ್. ಇಂಜಿನ್ ವಾರಂಟಿ ಬರಲ್ಲ." ಅಂದಾಜು ಅರವತ್ತು ಸಾವಿರ!

ಅಂಗಡಿಗೆ ಓಡಿದ. "ಇದು ನಮ್ಮ ಟ್ಯೂನಿಂಗ್‌ನಿಂದ ಆಗಿದ್ದಲ್ಲ ಬ್ರೋ, ಕಂಪನಿ ಮಾಲೇ ಸರಿಯಿಲ್ಲ" ಎಂಬ ಉತ್ತರ. ಇತ್ತ ಕಂತು ಮಾತ್ರ ತಿಂಗಳು ತಿಂಗಳಿಗೂ ಹಾಜರ್.

ಸ್ವಲ್ಪ ಫ್ಲ್ಯಾಶ್‌ಬ್ಯಾಕ್

ನಮ್ಮಪ್ಪಂದಿರ ಕಾಲದಲ್ಲಿ ಈ ಹುಚ್ಚು ಇರಲಿಲ್ಲವೇ? ಇತ್ತು ಸ್ವಾಮಿ! ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1973ರಲ್ಲಿ ಯೆಜ್ಡಿ ಹೆಸರಿನ ಗಾಡಿಗಳು ಹೊರಬಂದವು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಇದ್ದದ್ದು 98 ಸಿಸಿ, ಓಡಿದ್ದು ಮಿಂಚಿನಂತೆ. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಬಾಗಿಲು ಹಾಕಿತು, ಆರ್‌ಎಕ್ಸ್ 100ರ ತಯಾರಿಕೆಯೂ ನಿಂತಿತು. ಆದರೂ ಮೋಹ ಬಿಟ್ಟಿಲ್ಲ.

ಆಗಿನ ಟ್ಯೂನಿಂಗ್ ಅಂದರೆ ಅರ, ಸ್ಪ್ಯಾನರ್ ಮತ್ತು ಮೇಸ್ತ್ರಿಯ ಕಿವಿ. ಕಾರ್ಬುರೇಟರಿನ ಜೆಟ್ ಬದಲಿಸುವುದು, ಸಿಲಿಂಡರಿನ ಪೋರ್ಟ್ ಉಜ್ಜುವುದು, ಸೈಲೆನ್ಸರ್ ಬದಲಿಸುವುದು. ಹಳೇ ಜೆಟ್ ವಾಪಸ್ ಹಾಕಿಬಿಟ್ಟರೆ ಮುಗಿಯಿತು, ಯಾರಿಗೂ ಸುಳಿವಿಲ್ಲ.

ಈಗಿನ ಗಾಡಿಗೆ ಮಿದುಳಿದೆ!

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ನಿಯಮ ಜಾರಿಯಾಯಿತು. ಕಾರ್ಬುರೇಟರ್ ಹೆಚ್ಚೂಕಡಿಮೆ ಮರೆಯಾಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಅದನ್ನು ಆಳುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಎಷ್ಟು ಆರ್‌ಪಿಎಂನಲ್ಲಿ, ಎಷ್ಟು ಥ್ರಾಟಲ್ ತೆರೆದಾಗ, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಯಾವ ಕ್ಷಣ ಕಿಡಿ ಹಾರಬೇಕು ಎಂಬ ಲೆಕ್ಕದ ಕೋಷ್ಟಕ ಅದರೊಳಗಿದೆ. ಅದೇ 'ಮ್ಯಾಪ್'.

ಅದನ್ನು ತಿದ್ದಲು ದಾರಿ ಎರಡು. ಒಂದು, ಇಸಿಯು ಒಳಗಿನ ಮ್ಯಾಪ್ ಅಳಿಸಿ ಹೊಸದನ್ನು ಬರೆಯುವುದು. ಇನ್ನೊಂದು, ಇಸಿಯು ಮುಟ್ಟದೆ ಮಧ್ಯೆ ಒಂದು ಡಬ್ಬಿ ಕೂರಿಸಿ ಅದಕ್ಕೆ ಸುಳ್ಳು ಲೆಕ್ಕ ಹೇಳುವುದು. ಇದಕ್ಕೆ 'ಪಿಗ್ಗಿಬ್ಯಾಕ್' ಅಂತ ಹೆಸರು.

"ಸರ್ವಿಸ್‌ಗೆ ಬಿಡೋ ಮುಂಚೆ ಹಳೇದು ಹಾಕಿದ್ರಾಯ್ತು" ಅನ್ನುವ ಜಾಣರಿದ್ದಾರೆ. ಕೇಳಿ. ಕಂಪನಿಯ ಮ್ಯಾಪಿಗೆ ಒಂದು ಗುರುತಿನ ನಂಬರ್ ಇರುತ್ತದೆ. ಜೊತೆಗೆ, ಒಂದು ಅಂಕಿ ಬದಲಾದರೂ ತಪ್ಪಿಬೀಳುವ ತಾಳೆ ಲೆಕ್ಕ. ಎಷ್ಟು ಸಲ ಹೊಸದಾಗಿ ಬರೆಯಲಾಯಿತು ಎಂಬುದನ್ನೂ ಕೆಲವು ಇಸಿಯುಗಳು ಎಣಿಸಿಟ್ಟುಕೊಳ್ಳುತ್ತವೆ. ಪಿಗ್ಗಿಬ್ಯಾಕ್ ಡಬ್ಬಿ ಕಿತ್ತರೂ ಕತ್ತರಿಸಿದ ವೈರ್, ಸುಟ್ಟ ಪ್ಲಗ್, ಕರಗಿದ ಪಿಸ್ಟನ್ ಬಾಯಿ ಬಿಡುತ್ತವೆ. ಕೋರ್ಟ್ ಸೀನಿನಲ್ಲಿ ಕೊನೇ ಗಳಿಗೆಯಲ್ಲಿ ಸಾಕ್ಷಿ ಬಂದು ನಿಲ್ಲುತ್ತಾನಲ್ಲ, ಇಲ್ಲಿ ನಿಮ್ಮ ಗಾಡಿಯೇ ಆ ಸಾಕ್ಷಿ!

ಇಂಜಿನ್ ಯಾಕೆ ಸಾಯುತ್ತದೆ?

ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಆದರೆ ಒಳಗೆ ಬೆಂಕಿಯ ಶಾಖ ಏರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಹಾಗೇ ಓಡಿಸಿದರೆ ಪಿಸ್ಟನ್ನಿನ ತಲೆಯೇ ಕರಗುತ್ತದೆ. ಕಿಡಿಯನ್ನು ತೀರಾ ಮುಂಚಿತವಾಗಿ ಹಾರಿಸಿದರೆ ಟಕಟಕ ಅಂತ 'ನಾಕಿಂಗ್' ಶುರುವಾಗಿ ಪಿಸ್ಟನ್ ರಿಂಗಿನ ಜಾಗ ಒಡೆಯುತ್ತದೆ. ಆರ್‌ಪಿಎಂ ಮಿತಿ ಏರಿಸಿದರೆ ವಾಲ್ವ್ ಸ್ಪ್ರಿಂಗ್ ಹೊಂದಿಕೊಳ್ಳಲಾಗದೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಗುದ್ದುತ್ತದೆ. ನುರಿತ ಟ್ಯೂನರ್ ಡೈನೋ ಮೇಲೆ ಗಾಡಿ ನಿಲ್ಲಿಸಿ ಅಳೆದು ತೂಗಿ ಕೆಲಸ ಮಾಡುತ್ತಾನೆ. ಆದರೆ ಯಾವುದೋ ಗಾಡಿಯ ಮ್ಯಾಪನ್ನು ನಿಮ್ಮದಕ್ಕೆ ತುಂಬುವವರೂ ಇದ್ದಾರೆ.

ವಾರಂಟಿ ಪೂರ್ತಿ ಹೋಯಿತೇ?

ಇಲ್ಲಿದೆ ನೋಡಿ ನಿಜವಾದ ತಿರುವು. ವಾರಂಟಿ ಅನ್ನುವುದು ತಯಾರಿಕೆಯ ದೋಷಕ್ಕೆ ಕಂಪನಿ ಕೊಟ್ಟ ಮಾತು. ನೀವು ತಂದುಕೊಂಡ ದೋಷಕ್ಕಲ್ಲ. ಕಂಪನಿ ಒಪ್ಪದ ಮಾರ್ಪಾಡು ಮತ್ತು ರೇಸಿಂಗ್ ಬಳಕೆ, ಇವೆರಡನ್ನು ವಾರಂಟಿ ಪುಸ್ತಕಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಮ್ಯಾಪ್ ಬದಲಿಸಿದ ಮೇಲೆ ಪಿಸ್ಟನ್ ಕರಗಿದರೆ ವಾದಿಸಿ ಗೆಲ್ಲುವುದು ಕಷ್ಟ. ಆದರೆ ಅದೇ ಗಾಡಿಯ ಸ್ಪೀಡೋಮೀಟರಿನೊಳಗೆ ನೀರು ಹೊಕ್ಕಿತು, ಫೋರ್ಕ್ ಸೀಲ್ ಸೋರಿತು ಅನ್ನಿ. ಇಂಜಿನ್ ಮ್ಯಾಪಿಗೂ ಅದಕ್ಕೂ ಏನು ನಂಟು? ಆಗ ಬಾಯಿ ಮುಚ್ಚಿಕೊಂಡು ಬರಬೇಡಿ. ಯಾವ ಭಾಗ ಕೆಟ್ಟಿತು, ಯಾವ ಮಾರ್ಪಾಡಿನಿಂದ ಕೆಟ್ಟಿತು ಎಂದು ಕೇಳಿ.

ಹೊರಗಿನ ಭಾಗ ಹಾಕಿದ್ದನ್ನೇ ನೆಪ ಮಾಡಿ ವಾರಂಟಿ ಕಿತ್ತುಕೊಳ್ಳದಂತೆ ಅಮೆರಿಕದಲ್ಲಿ 1975ರಿಂದಲೇ ಒಂದು ಕಾನೂನಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ನೀವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಬೇಕೆನಿಸಿದರೆ ಆಯೋಗ ವಸ್ತುವನ್ನು ಪರೀಕ್ಷೆಗೂ ಕಳಿಸಬಹುದು. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಖಾಕಿ ಎಂಟ್ರಿ

ವಾರಂಟಿ ಬಿಟ್ಟರೂ ಪೊಲೀಸ್ ಬಿಡಬೇಕಲ್ಲ! ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ ಹತ್ತು ಸಾವಿರದವರೆಗೆ ದಂಡ. ಕಿತ್ತ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ವಿಮೆಯವರಿಗೆ ತಿಳಿಸದೆ ಮಾರ್ಪಾಡು ಮಾಡಿಸಿದ್ದರೆ ಅಪಘಾತವಾದಾಗ ಅಲ್ಲೂ ತಕರಾರು.

ಹಾಗಾದರೆ ಏನು ಮಾಡಬೇಕು?

ಮೊದಲು ವಾರಂಟಿ ಪುಸ್ತಕ ತೆರೆದು 'ಅನ್ವಯಿಸುವುದಿಲ್ಲ' ಎಂಬ ಪುಟ ಓದಿ. ಸಿನಿಮಾ ಪುಟಕ್ಕಿಂತ ಬೋರು, ಆದರೆ ಓದಿ. ಕಂಪನಿಯೇ ಮಾರುವ ಬಿಡಿಭಾಗ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಅದರ ಮೇಲೆ 'ರೇಸಿಗೆ ಮಾತ್ರ' ಎಂದಿದ್ದರೆ ದೂರವಿರಿ. ಸರ್ವಿಸ್ ತಪ್ಪಿಸಬೇಡಿ. ವಾರಂಟಿ ಇಲ್ಲ ಅಂದರೆ ಕಾರಣ ಸಮೇತ ಬರಹದಲ್ಲಿ ಪಡೆಯಿರಿ. ಬಿಚ್ಚಿದ ಭಾಗಗಳ ಫೋಟೋ ತೆಗೆಯಿರಿ. ಟ್ಯೂನಿಂಗ್ ಅಂಗಡಿಯ ಭರವಸೆಯೂ ಕಾಗದದ ಮೇಲಿರಲಿ. ಬರೆದುಕೊಡಲು ಹಿಂದೇಟು ಹಾಕಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ವೇಗದ ಹಸಿವು ತಡೆಯಲಾರಿರಾ? ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲೂ ಕೊಯಮತ್ತೂರಿನಲ್ಲೂ ರೇಸ್ ಟ್ರ್ಯಾಕ್ ಇದೆ. ವಾರಂಟಿ ಮುಗಿದ ಹಳೇ ಗಾಡಿ ಇಟ್ಟುಕೊಂಡು ಅಲ್ಲಿ ಬೆವರು ಹರಿಸಿ. ರಸ್ತೆಯಲ್ಲಿ ಬೇಡ.

ಅಂದ ಹಾಗೆ ನಮ್ಮ ಬೀದಿಯ ಹುಡುಗ? ಕೈಸಾಲ ಮಾಡಿ ಇಂಜಿನ್ ಕಟ್ಟಿಸಿದ. ಈಗ ಗಾಡಿಯಲ್ಲಿರುವುದು ಕಂಪನಿ ಮ್ಯಾಪೇ, ಕಂಪನಿ ಸೈಲೆನ್ಸರೇ. ಮೊನ್ನೆ ಟೀ ಅಂಗಡಿಯಲ್ಲಿ ಸಿಕ್ಕಾಗ "ಸೌಂಡ್ ಕಮ್ಮಿ ಆಯ್ತಲ್ಲೋ?" ಅಂದೆ. ನಕ್ಕ. "ಮೊದ್ಲು ಅಮ್ಮನ ಓಲೆ ಬಿಡಿಸ್ಕೊಬೇಕಣ್ಣ. ಸೌಂಡ್ ಆಮೇಲೆ ನೋಡೋಣ" ಅಂದ.