ನಾಯಿಮರಿಗೆ ಒಣ ಆಹಾರ: ಆಯ್ಕೆ ಮತ್ತು ಬದಲಾವಣೆಯ ಕ್ರಮ

ತೋಟ, ಕಣ, ಕೊಟ್ಟಿಗೆಗಳ ಕಾವಲಿಗೆ ನಾಯಿಯನ್ನು ಸಾಕುವ ಪದ್ಧತಿಯು ಈ ನಾಡಿನಲ್ಲಿ ಹಿಂದಿನಿಂದಲೂ ನಡೆದುಬಂದಿರುತ್ತದೆ. ಇಲ್ಲಿಯ ತಳಿಗಳ ಪೈಕಿ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯು ಹೆಸರಾದುದು. 2005ನೆಯ ಇಸವಿಯಲ್ಲಿ ಭಾರತ ಸರ್ಕಾರದ ಅಂಚೆ ಇಲಾಖೆಯು ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳಕ್ಕೆ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೂ ಇರುತ್ತದೆ. ಈ ಸೀಮೆಯಿಂದ ದೂರದ ಜಿಲ್ಲೆಗಳ ಜಮೀನುದಾರರು ಮರಿಗಳನ್ನು ಕೊಂಡೊಯ್ಯುವುದುಂಟು.

ಹೀಗೆ ಹಣ ಕೊಟ್ಟು ತಂದ ಮರಿಯು ಮನೆಗೆ ಬಂದ ಮೂರು ನಾಲ್ಕು ದಿನಗಳಲ್ಲಿಯೇ ಭೇದಿ ಮಾಡಲಾರಂಭಿಸುವುದು ಸಾಮಾನ್ಯ. ಆಗ ಮನೆಯವರು ಆಹಾರವನ್ನು ದೂಷಿಸಿ ಅಂಗಡಿಯಿಂದ ಮತ್ತೊಂದು ಬಗೆಯ ಚೀಲವನ್ನು ತರುವರು. ಅದೂ ಒಗ್ಗದಿದ್ದರೆ ಹಾಲು ಅನ್ನಕ್ಕೆ ತಿರುಗುವರು. ಅಂತೂ ಒಂದು ವಾರದೊಳಗೆ ನಾಲ್ಕು ಬಗೆಯ ಆಹಾರವು ಮರಿಯ ಹೊಟ್ಟೆಯನ್ನು ಸೇರುವುದು. ಈ ಅವಸರದಿಂದ ಎರಡು ಕೇಡುಗಳುಂಟು. ಬದಲಾವಣೆಯಿಂದಲೇ ಹುಟ್ಟಿದ ಭೇದಿಯು ಇನ್ನಷ್ಟು ಹೆಚ್ಚುವುದು ಒಂದು. ಭೇದಿಗೆ ಬೇರೆ ರೋಗವೇ ಕಾರಣವಾಗಿದ್ದಲ್ಲಿ, ಅದನ್ನು ಗುರುತಿಸುವಷ್ಟರಲ್ಲಿ ಮರಿಯು ಸತ್ತುಹೋಗುವುದು ಮತ್ತೊಂದು. ಆದಕಾರಣ ಆಹಾರವನ್ನು ಆರಿಸುವ ಮತ್ತು ಬದಲಿಸುವ ಕ್ರಮವನ್ನು ಸಾಕುವವರೆಲ್ಲರೂ ತಿಳಿದಿರುವುದು ಅವಶ್ಯಕ.

ಮರಿಯ ಕರುಳಿನ ಸ್ಥಿತಿ.— ಮರಿಯು ಮೂರು ನಾಲ್ಕು ವಾರಗಳ ವಯಸ್ಸಿನಲ್ಲಿ ಮೆತ್ತನೆಯ ಆಹಾರವನ್ನು ನೆಕ್ಕಲು ತೊಡಗಿ, ಎಂಟು ವಾರಗಳ ಹೊತ್ತಿಗೆ ತಾಯಿಯ ಹಾಲನ್ನು ಪೂರ್ತಿಯಾಗಿ ಬಿಡುತ್ತದೆ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿಯು ಆಮೇಲೆ ಕ್ರಮೇಣ ಕುಗ್ಗುವುದು. ಹಸುವಿನ ಹಾಲಿನಲ್ಲಿ ಈ ಸಕ್ಕರೆಯು ನಾಯಿಯ ಹಾಲಿಗಿಂತ ಹೆಚ್ಚಾಗಿಯೂ ಪ್ರೋಟೀನು ಮತ್ತು ಜಿಡ್ಡು ಬಹಳ ಕಡಮೆಯಾಗಿಯೂ ಇರುವುವು. ಬಟ್ಟಲು ತುಂಬ ಹಸುವಿನ ಹಾಲನ್ನು ಕುಡಿದ ಮರಿಯು ಭೇದಿ ಮಾಡುವುದಕ್ಕೆ ಇದೇ ಕಾರಣ.

ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೂ ದಿನವೂ ಬರುವ ಆಹಾರಕ್ಕೆ ತಕ್ಕಂತೆ ಹೊಂದಿಕೊಂಡಿರುತ್ತವೆ. ಬೇಸಗೆಯೆಲ್ಲ ಒಣಹುಲ್ಲು ತಿಂದ ದನವನ್ನು ಮುಂಗಾರಿನ ಎಳೆಹುಲ್ಲಿಗೆ ಏಕಾಏಕಿ ಬಿಟ್ಟರೆ ಸಗಣಿ ನೀರಾಗುವುದನ್ನು ರೈತರೆಲ್ಲರೂ ಬಲ್ಲರು. ನಾಯಿಯು ಮೆಲುಕು ಹಾಕುವ ಪ್ರಾಣಿಯಲ್ಲದಿದ್ದರೂ ಈ ನ್ಯಾಯವು ಅದಕ್ಕೂ ಸಲ್ಲುತ್ತದೆ. ಪ್ರಯಾಣದ ಆಯಾಸ, ತಾಯಿಯ ಅಗಲಿಕೆ, ಹೊಸ ಊರಿನ ನೀರು ಇವೂ ಸೇರಿದರೆ ಕರುಳು ಮತ್ತಷ್ಟು ಕೆಡುವುದು.

ಆಹಾರದ ಆಯ್ಕೆ.— ಚೀಲದ ಮೇಲೆ ಮರಿಗಳಿಗೆ, ಅಂದರೆ ಬೆಳೆಯುವ ವಯಸ್ಸಿಗೆ ತಕ್ಕ ಸಂಪೂರ್ಣ ಆಹಾರವೆಂದು ಬರೆದಿರುವುದನ್ನೇ ಕೊಳ್ಳತಕ್ಕದ್ದು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವು ಗೊತ್ತುಪಡಿಸಿರುವ ಪ್ರಮಾಣದಂತೆ, ನೀರಿನ ಅಂಶವನ್ನು ಕಳೆದ ಒಣ ಪದಾರ್ಥದಲ್ಲಿ ಬೆಳೆಯುವ ಮರಿಗೆ ನೂರಕ್ಕೆ 22.5 ಪಾಲಿಗೆ ಕಡಮೆಯಿಲ್ಲದೆ ಪ್ರೋಟೀನು, 8.5 ಪಾಲಿಗೆ ಕಡಮೆಯಿಲ್ಲದೆ ಜಿಡ್ಡು, 1.2 ಪಾಲಿಗೆ ಕಡಮೆಯಿಲ್ಲದೆ ಕ್ಯಾಲ್ಸಿಯಂ ಇರಬೇಕು. ದೊಡ್ಡ ನಾಯಿಗೆ ಪ್ರೋಟೀನು 18 ಪಾಲು, ಜಿಡ್ಡು 5.5 ಪಾಲು ಇದ್ದರೆ ಸಾಕು. ದೊಡ್ಡ ನಾಯಿಯ ಅಗ್ಗದ ಚೀಲವನ್ನು ಮರಿಗೆ ಹಾಕುವುದು ತಪ್ಪೆಂಬುದು ಇದರಿಂದ ವ್ಯಕ್ತವಾಗುವುದು. ಬೆಳೆದ ಮೇಲೆ 32 ಕಿಲೋಗ್ರಾಂ ಮೀರಿ ತೂಗುವ ಭಾರಿ ತಳಿಗಳ ಮರಿಗೆ ಕ್ಯಾಲ್ಸಿಯಂ 1.8 ಪಾಲನ್ನು ಮೀರಬಾರದು. ಮೀರಿದರೆ ಎಲುಬುಗಳು ಸರಿಯಾಗಿ ಬೆಳೆಯಲಾರವು. ಸಂಪೂರ್ಣ ಆಹಾರವನ್ನು ತಿನ್ನುವ ಯಾವ ಮರಿಗೂ ಕ್ಯಾಲ್ಸಿಯಂ ಔಷಧವನ್ನು ವೈದ್ಯರ ಮಾತಿಲ್ಲದೆ ಕೊಡಕೂಡದು.

ಚೀಲದಲ್ಲಿ ಅಚ್ಚಾದ ಅಂಕಿಗಳು ಸಾಮಾನ್ಯವಾಗಿ ನೀರಿನ ಅಂಶವನ್ನು ಸೇರಿಸಿದವು. ಪ್ರೋಟೀನು 24 ಪಾಲು, ನೀರು 10 ಪಾಲು ಎಂದಿದ್ದರೆ, 24ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಒಣ ಲೆಕ್ಕದಲ್ಲಿ ಪ್ರೋಟೀನು 26 ಪಾಲಿಗೂ ಮೇಲಾಗುವುದು.

ಮನೆಯಲ್ಲಿ ಬೆಳೆದ ರಾಗಿ ಜೋಳಗಳಿರುವಾಗ ಚೀಲವೇಕೆಂದು ಕೆಲವರು ಕೇಳಬಹುದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ನಿಜ. ಆದರೆ ಪ್ರೋಟೀನು ರಾಗಿಯಲ್ಲಿ ನೂರಕ್ಕೆ ಸುಮಾರು 7 ಪಾಲು, ಜೋಳದಲ್ಲಿ ಸುಮಾರು 10 ಪಾಲು ಮಾತ್ರ. ಬರಿಯ ಮುದ್ದೆ ಅಂಬಲಿಗಳಿಂದ ಮರಿಯ ಹೊಟ್ಟೆ ತುಂಬಬಹುದಲ್ಲದೆ ಮೈ ಕಟ್ಟುವುದಿಲ್ಲ. ಮುದ್ದೆ ಹಾಕುವವರು ಬೇಯಿಸಿದ ಮೊಟ್ಟೆ, ಕೋಳಿ ಅಥವಾ ಮೀನನ್ನು ಸೇರಿಸಬೇಕು. ಪ್ರಮಾಣವನ್ನು ಪಶುವೈದ್ಯರಿಂದ ಗೊತ್ತುಮಾಡಿಸಿಕೊಳ್ಳುವುದು ಉತ್ತಮ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರನ್ನು ಹಾಕಲೇಬಾರದು. ಅವು ನಾಯಿಯ ರಕ್ತವನ್ನು ಕೆಡಿಸುತ್ತವೆ.

ಬದಲಾವಣೆಯ ಕ್ರಮ.— ಮರಿಯನ್ನು ತರುವಾಗಲೇ ಅದು ಅಲ್ಲಿ ಏನನ್ನು, ಎಷ್ಟನ್ನು, ಎಷ್ಟು ಹೊತ್ತಿಗೆ ತಿನ್ನುತ್ತಿತ್ತೆಂದು ವಿಚಾರಿಸಿ, ಹತ್ತು ಹದಿನೈದು ದಿನಗಳಿಗಾಗುವಷ್ಟು ಅದೇ ಆಹಾರವನ್ನು ಜೊತೆಯಲ್ಲಿ ತರತಕ್ಕದ್ದು. ಮೊದಲ ನಾಲ್ಕೈದು ದಿನ ಹಳೆಯ ಆಹಾರವನ್ನೇ ಹಾಕಬೇಕು. ಮಲವು ಗಟ್ಟಿಯಾಗಿದ್ದರೆ ಅನಂತರ ಬದಲಾವಣೆಯನ್ನು ಆರಂಭಿಸಬಹುದು. ದಿನಕ್ಕೆ 160 ಗ್ರಾಂ ತಿನ್ನುವ ಮರಿಗೆ ಕ್ರಮವು ಹೀಗೆ:

ಮೊದಲನೆಯ ಎರಡು ದಿನ — ಹಳೆಯದು 120 ಗ್ರಾಂ, ಹೊಸದು 40 ಗ್ರಾಂ.
ಮೂರನೆಯ ಮತ್ತು ನಾಲ್ಕನೆಯ ದಿನ — ಎರಡೂ 80 ಗ್ರಾಂ.
ಐದನೆಯ ಮತ್ತು ಆರನೆಯ ದಿನ — ಹಳೆಯದು 40 ಗ್ರಾಂ, ಹೊಸದು 120 ಗ್ರಾಂ.
ಏಳನೆಯ ದಿನದಿಂದ — ಹೊಸದು ಮಾತ್ರ.

ಹೊಟ್ಟೆ ಸೂಕ್ಷ್ಮವಾದ ಮರಿಗೆ ಒಂದೊಂದು ಮೆಟ್ಟಿಲಿಗೂ ಎರಡು ದಿನಕ್ಕೆ ಬದಲು ನಾಲ್ಕು ದಿನ ಕೊಡಬೇಕು. ನಡುವೆ ಮಲವು ಮೆತ್ತಗಾದರೆ ಹಿಂದಿನ ಮೆಟ್ಟಿಲಿಗೆ ಇಳಿದು, ಗಟ್ಟಿಯಾಗುವವರೆಗೆ ಅಲ್ಲಿಯೇ ನಿಲ್ಲಬೇಕು. ಆ ದಿನಗಳಲ್ಲಿ ಹಾಲು, ಬಿಸ್ಕತ್ತು, ಮಿಕ್ಕ ಊಟ ಯಾವುದನ್ನೂ ಹಾಕಬಾರದು. ಹಾಕಿದರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವ ಬಗೆಯಿಲ್ಲ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಹಾಕಿದರೆ ಸಾಕು. ಪ್ರಮಾಣವನ್ನು ಕೈಯಂದಾಜಿಗೆ ಬಿಡದೆ ತಕ್ಕಡಿಯಲ್ಲಿ ತೂಗಬೇಕು. ಒಗ್ಗುವ ಆಹಾರವಾದರೂ ಅತಿಯಾದರೆ ಭೇದಿಯಾಗುವುದು. ಚಿಕ್ಕ ಮರಿಗೆ ಕಾಳುಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ಕೊಡಬಹುದು. ತಿಂದು ಮಿಕ್ಕುದನ್ನು ಆಗಲೇ ತೆಗೆದುಹಾಕಬೇಕು. ಶುದ್ಧವಾದ ನೀರು ಸದಾ ಎದುರಿಗಿರಬೇಕು.

ಆಹಾರದ ದೋಷವೋ, ರೋಗವೋ?— ಮಲವು ಮೆತ್ತಗಾಗಿದ್ದರೂ ಮರಿಯು ಆಡುತ್ತ, ತಿನ್ನುತ್ತ, ನೀರು ಕುಡಿಯುತ್ತ ಇದ್ದರೆ ಒಂದು ದಿನ ಕಾಯಬಹುದು. ಆಗ ಮೆತ್ತಗೆ ಬೆಂದ ಅನ್ನಕ್ಕೆ ಉಪ್ಪು ಮಸಾಲೆಯಿಲ್ಲದೆ ಬೇಯಿಸಿದ ಕೋಳಿಮಾಂಸವನ್ನು ಸೇರಿಸಿ, ಸ್ವಲ್ಪಸ್ವಲ್ಪವಾಗಿ ಐದಾರು ಬಾರಿ ಕೊಡಬೇಕು. ಚಿಕ್ಕ ಮರಿಯನ್ನು ದಿನವಿಡೀ ಉಪವಾಸ ಕೆಡವಬಾರದು. ರಕ್ತದಲ್ಲಿಯ ಸಕ್ಕರೆ ಇಳಿದು ನಿತ್ರಾಣವಾಗುವುದು. ಮನುಷ್ಯರ ಭೇದಿಯ ಗುಳಿಗೆಯನ್ನಾಗಲಿ ಜ್ವರದ ಗುಳಿಗೆಯನ್ನಾಗಲಿ ಕೊಡಕೂಡದು.

ಜಂತುಹುಳುಗಳಿಂದಲೂ ಭೇದಿಯುಂಟಾಗುವುದು. ದುಂಡುಹುಳುವು ತಾಯಿಯ ಗರ್ಭದಲ್ಲಿರುವಾಗಲೇ ಮರಿಯನ್ನು ಸೇರಬಲ್ಲದು. ಎರಡು ವಾರದ ವಯಸ್ಸಿನಿಂದ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಮುಂದೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತುನಾಶಕವನ್ನು ಕೊಡಿಸಬೇಕು. ಈ ಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಯನ್ನೂ ಸೇರುವುದರಿಂದ ಮಲವನ್ನು ದಿನವೂ ತೆಗೆದು ಹೂಳುವುದು ಕ್ಷೇಮ.

ಎಲ್ಲಕ್ಕಿಂತ ಭಯಂಕರವಾದುದು ಪಾರ್ವೋ ವೈರಾಣು ರೋಗ. 1978ರಲ್ಲಿ ಗುರುತಿಸಲ್ಪಟ್ಟ ಈ ರೋಗವು ಒಂದೆರಡು ವರ್ಷಗಳಲ್ಲಿಯೇ ಪ್ರಪಂಚವನ್ನೆಲ್ಲ ವ್ಯಾಪಿಸಿತು. ಸೋಂಕು ತಗಲಿದ ಮೂರರಿಂದ ಏಳು ದಿನಗಳಲ್ಲಿ ಚಿಹ್ನೆಗಳು ತೋರುವುವು. ಮಾರುವ ಸ್ಥಳದಲ್ಲಿಯೋ ದಾರಿಯಲ್ಲಿಯೋ ಅಂಟಿದ ರೋಗವು ಹೊಸ ಮನೆಯಲ್ಲಿ ಆಹಾರ ಬದಲಾಗುತ್ತಿರುವ ವಾರದಲ್ಲಿಯೇ ಹೊರಬೀಳುವುದು. ದೂರು ಮಾತ್ರ ಚೀಲದ ಮೇಲೆ ಬೀಳುವುದು. ಮರಿಯು ಮಂಕಾಗಿ ಮೂಲೆ ಸೇರುವುದು, ಊಟ ಬಿಡುವುದು, ಮೇಲಿಂದ ಮೇಲೆ ವಾಂತಿ, ದುರ್ವಾಸನೆಯ ರಕ್ತಭೇದಿ, ವಸಡು ಒಣಗಿ ಅಂಟಂಟಾಗುವುದು, ಕತ್ತಿನ ಚರ್ಮವನ್ನು ಎತ್ತಿ ಬಿಟ್ಟರೆ ಕೂಡಲೇ ಕೆಳಗಿಳಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಆಹಾರದ ಚರ್ಚೆಯನ್ನು ಬಿಟ್ಟು ಅದೇ ಗಳಿಗೆ ಪಶುಚಿಕಿತ್ಸಾಲಯಕ್ಕೆ ಒಯ್ಯಬೇಕು. ಚಿಕಿತ್ಸೆಯಿಲ್ಲದೆ ಬಹುಪಾಲು ಮರಿಗಳು ಸಾಯುತ್ತವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ಬದುಕುತ್ತವೆ. ಆರರಿಂದ ಎಂಟು ವಾರದೊಳಗೆ ಮೊದಲಾಗಿ ಹದಿನಾರು ವಾರಗಳವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಲಸಿಕೆ ಹಾಕಿಸುವುದೇ ಇದಕ್ಕೆ ನಿಜವಾದ ರಕ್ಷಣೆ. ಈ ವೈರಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಮರಿ ಸತ್ತ ಅಂಗಳಕ್ಕೆ ಲಸಿಕೆಯಿಲ್ಲದ ಮತ್ತೊಂದು ಮರಿಯನ್ನು ತರಬಾರದು.

ದಾಸ್ತಾನು.— ಮಳೆಗಾಲದಲ್ಲಿ ತೆರೆದ ಚೀಲಕ್ಕೆ ತೇವ ತಗಲಿ ಬೂಷ್ಟು ಹಿಡಿಯುವುದು. ಮುಗ್ಗಿದ ಜೋಳ, ನೆಲಗಡಲೆಗಳಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಇಂತಹ ಆಹಾರದಲ್ಲಿಯೂ ಹುಟ್ಟಬಹುದು. ಅದು ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ಚೀಲವನ್ನು ಬಾಯಿ ಮಡಿಸಿ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು, ನೆಲದಿಂದ ಎತ್ತರದ ಒಣ ಜಾಗದಲ್ಲಿ ಇಡಬೇಕು. ಒಂದು ತಿಂಗಳಿಗಾಗುವುದಕ್ಕಿಂತ ಹೆಚ್ಚಾಗಿ ಕೊಳ್ಳದಿರುವುದು ಮೇಲು. ಬೂಷ್ಟಿನ ವಾಸನೆ ಬಂದುದನ್ನು ನಾಯಿಗಾಗಲಿ ಕೋಳಿಗಾಗಲಿ ಹಾಕದೆ ಹೂಳಿಬಿಡಬೇಕು.

ಮರಿಯನ್ನು ತಂದ ದಿನ, ಆಹಾರ ಬದಲಿಸಿದ ದಿನ, ಮಲದ ಸ್ಥಿತಿ, ವಾರದ ತೂಕ, ಜಂತುನಾಶಕ ಮತ್ತು ಲಸಿಕೆಗಳ ತಾರೀಖು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಸುಲಭ. ವೈದ್ಯರಿಗೆ ಆ ಒಂದು ಹಾಳೆಯು ಮನೆಯವರ ಹತ್ತು ಮಾತುಗಳಿಗಿಂತ ಹೆಚ್ಚು ತಿಳಿಸುವುದು. ಗ್ರಾಮದ ಮುಖಂಡರು ತಮ್ಮ ಮನೆಯಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದಲ್ಲಿ ನೆರೆಹೊರೆಯವರೂ ಅದನ್ನು ಅನುಸರಿಸುವರು. ಪ್ರತಿ ವರ್ಷವೂ ವೃಥಾ ಸಾಯುವ ಅನೇಕ ಮರಿಗಳು ಉಳಿದು ಹೊಲಮನೆಗಳಿಗೆ ಕಾವಲಾಗುವುವು.